ತೀರ್ಥಹಳ್ಳಿ ಕಡೆಯಿಂದ ಅಮೆರಿಕದ ಕಸ್ಟಮರ್ ಕೇರ್: ನನ್ನ ದನಿ ಮಾತ್ರ ಒಡೆಯುತ್ತೆ, ಯಾಕೆ?

ತುಂಗಾತೀರ:
ಮನೆ ತೀರ್ಥಹಳ್ಳಿಯಿಂದ ಎಂಟು ಕಿ.ಮೀ. ಒಳಗೆ. ಅಮೆರಿಕದ ಕಂಪನಿಗೆ ವಾಯ್ಸ್ ಸಪೋರ್ಟ್, ಸಂಜೆ 6:30ರಿಂದ ರಾತ್ರಿ 3:30 ಶಿಫ್ಟ್. ಫೈಬರ್ 100 ಎಂಬಿಪಿಎಸ್ ಪ್ಲಾನ್. ಟೆಸ್ಟ್ ಮಾಡಿದರೆ ಡೌನ್‌ಲೋಡ್ 94, ಅಪ್‌ಲೋಡ್ 20. ಕಸ್ಟಮರ್ ಮಾತು ನನಗೆ ಸ್ಪಷ್ಟ. ಅವರಿಗೆ ಮಾತ್ರ ನನ್ನ ದನಿ ತುಂಡು ತುಂಡಾಗಿ ಕೇಳುತ್ತಂತೆ, ಅದೂ ರಾತ್ರಿ 8ರಿಂದ 11ರವರೆಗೆ ಜಾಸ್ತಿ. ಮಳೆ ಜೋರಾದರೆ ಕಾಲೇ ಕಟ್. ಬ್ರೌಸರ್ ಡಯಲರ್, ಕಂಪನಿ ವಿಪಿಎನ್ (ಕಂಪನಿ ನೆಟ್‌ವರ್ಕಿಗೆ ಹೋಗೋ ಸುರಕ್ಷಿತ ದಾರಿ), ವೈಫೈ, ಬ್ಲೂಟೂತ್ ಹೆಡ್‌ಸೆಟ್. 200 ಎಂಬಿಪಿಎಸ್ ಪ್ಲಾನ್ ತಗೊಂಡರೆ ಸರಿಹೋಗುತ್ತಾ?

ಸಾಗರದ ಸ್ವಿಚ್:
ಅದಕ್ಕೆ ದುಡ್ಡು ಹಾಕಬೇಡಿ ಮಾರಾಯ್ರೇ. ಜಿ.711 ಅನ್ನೋ, ದನಿಯನ್ನ ಡೇಟಾ ಮಾಡೋ ಕೋಡೆಕ್‌ನಲ್ಲಿ ಒಂದು ಕಾಲ್‌ಗೆ ಒಂದು ದಿಕ್ಕಿಗೆ ಬೇಕಾಗೋದು ಸುಮಾರು 87 ಕೆಬಿಪಿಎಸ್. ಓಪಸ್ ಕೋಡೆಕ್ ಆದರೆ ಸಾಮಾನ್ಯವಾಗಿ ಇನ್ನೂ ಕಡಿಮೆ. ನಿಮ್ಮ 20 ಎಂಬಿಪಿಎಸ್ ಧಾರಾಳ ಸಾಕು.

ನೀವು ಕೇಳೋದು ಸರಿ, ಅವರು ಕೇಳೋದು ಒಡಕು ಅಂದರೆ ತೊಂದರೆ ಮನೆಯಿಂದ ಹೊರಗೆ ಹೋಗೋ ದಾರಿಯಲ್ಲಿದೆ. ದನಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ಸೆಕೆಂಡಿಗೆ 50 ಪ್ಯಾಕೆಟ್ ಹೋಗುತ್ತೆ. ತಡವಾಗಿ ತಲುಪಿದ ಪ್ಯಾಕೆಟ್, ಡೈರಿ ಗಾಡಿ ಹೋದಮೇಲೆ ತಂದ ಹಾಲಿನ ಹಾಗೆ: ಬಂದರೂ ಲೆಕ್ಕಕ್ಕಿಲ್ಲ. ಪ್ಯಾಕೆಟ್ ಲಾಸ್ ಶೇ. 1ರ ಒಳಗೆ, ಜಿಟ್ಟರ್ (ಪ್ಯಾಕೆಟ್ ತಲುಪೋ ಹೊತ್ತಿನ ಏರಿಳಿತ) 30 ಮಿಲಿಸೆಕೆಂಡ್ ಒಳಗೆ ಇರಬೇಕು. ಅಮೆರಿಕಕ್ಕೆ ಹೋಗಿಬರೋಕೆ 200ರಿಂದ 250 ಮಿಲಿಸೆಕೆಂಡ್ ಹಿಡಿಯೋದು ಸಹಜ, ಬೆಳಕು ಕೇಬಲ್‌ನಲ್ಲಿ ಅಷ್ಟು ದೂರ ಓಡಬೇಕಲ್ಲ. ಅದರಿಂದ ಮಾತು ಒಡೆಯಲ್ಲ, ಉತ್ತರ ಸ್ವಲ್ಪ ತಡ ಅನ್ನಿಸುತ್ತೆ ಅಷ್ಟೆ.

ಕಮಾಂಡ್ ಪ್ರಾಂಪ್ಟ್ ಎರಡು ತೆರೆದು, ಒಂದರಲ್ಲಿ ರೂಟರ್ ವಿಳಾಸಕ್ಕೆ, ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೆ ಬಿಡದೆ ಪಿಂಗ್ (ಹೋಗಿಬರೋ ಹೊತ್ತು ಅಳೆಯೋ ಕಮಾಂಡ್) ಹಾಕಿ. ರಾತ್ರಿ 9ಕ್ಕೆ ನೋಡಿ. ರೂಟರಿನ ಪಿಂಗೇ 2ರಿಂದ 80 ಮಿಲಿಸೆಕೆಂಡಿಗೆ ಹಾರಿದರೆ ತಪ್ಪು ವೈಫೈಯದು. ಜಂಬಿಟ್ಟಿಗೆ ಗೋಡೆ ಎರಡು ದಾಟಿದರೆ ಸಿಗ್ನಲ್ ಸೊರಗುತ್ತೆ. ಕ್ಯಾಟ್6 ಕೇಬಲ್ ಎಳೆದುಬಿಡಿ, 100 ಮೀಟರ್‌ವರೆಗೆ ಯೋಚನೆ ಇಲ್ಲ. ಗುಡುಗು ಶುರುವಾದರೆ ಮಾತ್ರ ಅದನ್ನೂ ಅಡಾಪ್ಟರನ್ನೂ ಕೀಳಬೇಕು.

ರೂಟರ್ ಸರಿಯಿದ್ದು 8.8.8.8 ಮಾತ್ರ ಏರಿದರೆ, ಅಪ್‌ಲೋಡ್ ಸಾಲಿನಲ್ಲಿ ನೂಕುನುಗ್ಗಲು. ರಾತ್ರಿ ಹೊತ್ತು ಮನೆಯವರ ಫೋನೆಲ್ಲ ವೈಫೈಗೆ ಬಂದು ಫೋಟೋ, ವಿಡಿಯೋ ಬ್ಯಾಕಪ್ ಶುರುಮಾಡುತ್ವೆ. ಶಿಫ್ಟ್ ಹೊತ್ತಲ್ಲಿ ಅದನ್ನ ನಿಲ್ಲಿಸಿ ನೋಡಿ. ಶಾಶ್ವತ ಪರಿಹಾರ ಬೇಕಂದ್ರೆ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಸಾಫ್ಟ್‌ವೇರ್ ಹಾಕಿದ ರೂಟರಿನಲ್ಲಿ, ಸಾಲು ನಿಭಾಯಿಸೋ ಎಸ್‌ಕ್ಯೂಎಂ ಆನ್ ಮಾಡಿ, ಅದರಲ್ಲಿ ಕೇಕ್ ಅನ್ನೋ ವಿಧಾನ ಆರಿಸಿ, ಅಪ್‌ಲೋಡ್ 17 ಎಂಬಿಪಿಎಸ್ ಅಂತ ಕೊಡಿ. ಸಿಗೋ ವೇಗಕ್ಕಿಂತ ಸ್ವಲ್ಪ ಕಡಿಮೆ ಕೊಟ್ಟರೇನೇ ಸಾಲು ನಿಮ್ಮ ರೂಟರಿನಲ್ಲಿ ನಿಲ್ಲುತ್ತೆ, ದನಿಯನ್ನ ಮುಂದೆ ಬಿಡೋಕಾಗುತ್ತೆ.

ತೋಟದ ಫೈಬರ್:
ಮಳೆಯಲ್ಲಿ ಕಟ್ ಆಗೋದು ಬೇರೆ ರೋಗ. ಫೈಬರ್ ಬಾಕ್ಸಿನ ಸೆಟ್ಟಿಂಗ್ಸ್ ಪುಟ ಬ್ರೌಸರಿನಲ್ಲಿ ತೆರೆದು ಆಪ್ಟಿಕಲ್ ಆರ್‌ಎಕ್ಸ್ ಪವರ್ (ಬಾಕ್ಸಿಗೆ ತಲುಪೋ ಬೆಳಕಿನ ಬಲ) ನೋಡಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಇದ್ದರೆ ಚೆನ್ನಾಗಿದೆ, ಮೈನಸ್ 27 ಹತ್ತಿರ ಬಂದರೆ ಅಂಚಿನಲ್ಲಿದೆ. ಬಿಸಿಲಿನ ದಿನದ ಅಂಕಿ ಬರೆದಿಟ್ಟು ಮಳೆ ದಿನದ್ದಕ್ಕೆ ಹೋಲಿಸಿ. ಮೂರು ಡಿಬಿ ಇಳಿದರೆ ಬೆಳಕು ಅರ್ಧ ಹೋಯ್ತು ಅಂತ ಲೆಕ್ಕ. ಆ ಎರಡು ಅಂಕಿ ಕೊಟ್ಟು ದೂರು ಕೊಡಿ, "ನೆಟ್ ಸ್ಲೋ" ಅಂದರೆ ಯಾರೂ ಬರಲ್ಲ.

ಅಡಿಕೆ ಮರಕ್ಕೆ ಕಟ್ಟಿದ ವೈರ್ ಆದರೆ ಮರ ತೂಗಿದಾಗೆಲ್ಲ ಜಗ್ಗುತ್ತೆ, ಸೋಗೆ ಬಿದ್ದರೆ ಮಡಚುತ್ತೆ. ಜಾಯಿಂಟ್ ಬಾಕ್ಸ್ ಮುಚ್ಚಳ ಸರಿ ಕೂರದೆ ನೀರು ಇಳಿದಿರೋದೂ ಉಂಟು. ಮನೆಯೊಳಗೆ ಉಳಿದ ಫೈಬರನ್ನ ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ಹಸಿರು ತಲೆಯ ಕನೆಕ್ಟರನ್ನ ನೀಲಿಗೆ ಸಿಕ್ಕಿಸಿದ್ದರೆ ಅದೂ ನಷ್ಟವೇ.

ರಾತ್ರಿಪಾಳಿ:
ವಿಪಿಎನ್ ಟಿಸಿಪಿ ಮೇಲಿದೆಯೋ ಯುಡಿಪಿ ಮೇಲಿದೆಯೋ (ಡೇಟಾ ಕಳಿಸೋ ಎರಡು ವಿಧಾನ) ಅಂತ ನಿಮ್ಮ ಐಟಿಯವರನ್ನ ಕೇಳಿ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರೋವರೆಗೆ ಅದರ ಹಿಂದೆ ಬಂದವೆಲ್ಲ ಕಾಯುತ್ವೆ. ದನಿ ನಿಂತು, ಆಮೇಲೆ ಒಟ್ಟಿಗೆ ಸುರಿಯುತ್ತೆ. ದನಿಯನ್ನ ವಿಪಿಎನ್ ಹೊರಗೆ ಬಿಡೋ ಸ್ಪ್ಲಿಟ್ ಟನೆಲ್ ಕೊಡ್ತಾರಾ ಅಂತಲೂ ಕೇಳಿ. ಅವರ ಒಪ್ಪಿಗೆ ಇಲ್ಲದೆ ನೀವೇ ಏನೂ ಬದಲಿಸಬೇಡಿ, ಕೆಲಸಕ್ಕೇ ಕುತ್ತು. ಕ್ರೋಮ್‌ನ ವೆಬ್‌ಆರ್‌ಟಿಸಿ ಇಂಟರ್ನಲ್ಸ್ (ಕಾಲಿನ ಅಂಕಿಅಂಶ ತೋರಿಸೋ) ಪುಟವನ್ನ ಕಾಲ್ ನಡೀವಾಗ ತೆರೆದಿಡಿ. ಅದರಲ್ಲಿ ರಿಮೋಟ್ ಇನ್‌ಬೌಂಡ್ ಅನ್ನೋ ಸಾಲು, ನಿಮ್ಮ ದನಿ ಆ ಕಡೆಗೆ ಹೇಗೆ ತಲುಪ್ತಿದೆ ಅಂತ ಆ ಕಡೆಯೇ ಕಳಿಸೋ ವರದಿ.

ಬ್ಲೂಟೂತ್ ಬಿಡಿ, ವೈರಿನ ಯುಎಸ್‌ಬಿ ಹೆಡ್‌ಸೆಟ್ ತಗೊಳ್ಳಿ. ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ದನಿಯ ಗುಣಮಟ್ಟ ಇಳಿಸುತ್ತೆ, ಜೊತೆಗೆ 2.4 ಗಿಗಾಹರ್ಟ್ಸ್ ವೈಫೈ ಜೊತೆ ಗುದ್ದಾಡುತ್ತೆ.

ತುಂಗಾತೀರ:
ರೂಟರ್ ಪಿಂಗ್ 3ರಿಂದ 110ರವರೆಗೆ ಕುಣೀತಿದೆ. ನಾಳೆ ಕೇಬಲ್ ತರ್ತೀನಿ. ಆರ್‌ಎಕ್ಸ್ ಮೈನಸ್ 26.1, ಇವತ್ತು ಹನಿ ಮಳೆ. ಕರೆಂಟ್ ಹೋದಾಗ ಇನ್ವರ್ಟರ್ ಇದ್ದರೂ ಬಾಕ್ಸ್ ಆಫ್ ಆಗಿ ಬರುತ್ತೆ, ಅದಕ್ಕೇನು?

ತೋಟದ ಫೈಬರ್:
26.1 ಅಂದರೆ ದೊಡ್ಡ ಮಳೆಗೆ ಉಳಿಯಲ್ಲ, ಇವತ್ತೇ ದೂರು ಕೊಡಿ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಆಗಲೂ ನಿಲ್ಲದಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್. ಅಡಾಪ್ಟರ್ ಮೇಲೆ 1 ಆಂಪಿಯರೋ 2 ಆಂಪಿಯರೋ ಓದಿಕೊಂಡೇ ಅಂಗಡಿಗೆ ಹೋಗಿ.