ಸಹಾಯ ಬೇಕು: ಎಚ್‌ಎಸ್‌ಎ ಖಾತೆ ಮತ್ತು ಕ್ಯಾಲಿಫೋರ್ನಿಯಾ ತೆರಿಗೆ ರಿಟರ್ನ್

ಎಲ್ಲರಿಗೂ ನಮಸ್ಕಾರ. 2024ನೇ ಸಾಲಿನ ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ಹೆಲ್ತ್ ಸೇವಿಂಗ್ಸ್ ಅಕೌಂಟ್ (ಎಚ್‌ಎಸ್‌ಎ, ವೈದ್ಯಕೀಯ ವೆಚ್ಚಕ್ಕಾಗಿ ತೆರಿಗೆ ವಿನಾಯಿತಿಯೊಂದಿಗೆ ಹಣ ಕೂಡಿಡುವ ಖಾತೆ) ಕುರಿತು ಎರಡು ಸಂದೇಹಗಳಿದ್ದು, ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕಾಗಿ ಕೋರುತ್ತೇನೆ.

ಈ ಖಾತೆಗೆ ಸಂಬಳದಿಂದ ಕಡಿತವಾದ ಹಣ ಮತ್ತು ಕಂಪನಿಯ ಪಾಲು ಎರಡೂ ಸೇರಿ ಡಬ್ಲ್ಯು-2ರ (ಕಂಪನಿ ನೀಡುವ ವಾರ್ಷಿಕ ವೇತನ ಪತ್ರ) 12ನೇ ಚೌಕದಲ್ಲಿ 'ಡಬ್ಲ್ಯು' ಸಂಕೇತದೊಂದಿಗೆ ನಮೂದಾಗಿದ್ದು, ಒಟ್ಟು ಮೊತ್ತ ಕುಟುಂಬ ವಿಮೆಗೆ 2024ರಲ್ಲಿದ್ದ ಮಿತಿಯಾದ 8,300 ಡಾಲರ್ ಒಳಗೇ ಇದೆ. ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆಗೆ ಎಚ್‌ಎಸ್‌ಎ ವಿವರ ತುಂಬುವ ಫಾರ್ಮ್ 8889 ಸಾಕು. ಆದರೆ ಕ್ಯಾಲಿಫೋರ್ನಿಯಾ ರಾಜ್ಯವು ಈ ಹಣಕ್ಕಿರುವ ತೆರಿಗೆ ವಿನಾಯಿತಿಯನ್ನು ಒಪ್ಪುವುದಿಲ್ಲವಷ್ಟೆ. (ಖಾತೆಯ ಬಡ್ಡಿಯನ್ನೂ ಬಿಡುವುದಿಲ್ಲ!) ನನ್ನ ಡಬ್ಲ್ಯು-2ರಲ್ಲಿ 16ನೇ ಚೌಕದ ರಾಜ್ಯ ವೇತನವು 1ನೇ ಚೌಕದ ಫೆಡರಲ್ ವೇತನಕ್ಕಿಂತ ಸರಿಯಾಗಿ ಆ ಎಚ್‌ಎಸ್‌ಎ ಮೊತ್ತದಷ್ಟೇ ಹೆಚ್ಚಿರುವಾಗ, ಶೆಡ್ಯೂಲ್ ಸಿಎಯಲ್ಲಿ (ಫೆಡರಲ್ ಮತ್ತು ರಾಜ್ಯ ಲೆಕ್ಕದ ವ್ಯತ್ಯಾಸ ತೋರಿಸುವ ಕ್ಯಾಲಿಫೋರ್ನಿಯಾ ಫಾರ್ಮ್) ಆ ವ್ಯತ್ಯಾಸವನ್ನು ನಾನೇ ಸೇರಿಸಬೇಕೆ, ಅಥವಾ ತೆರಿಗೆ ಸಾಫ್ಟ್‌ವೇರ್ ತಾನಾಗಿ ಸೇರಿಸುತ್ತದೆಯೆ? ಎರಡು ಬಾರಿ ಸೇರಿಬಿಡುವ ಭಯವಿದೆ.

ಎರಡನೆಯದಾಗಿ, ರಜೆಯಲ್ಲಿ ಮೈಸೂರಿಗೆ ಹೋದಾಗ ನನ್ನ ಹಲ್ಲಿನ ರೂಟ್ ಕೆನಾಲ್‌ಗೆ ರೂಪಾಯಿಯಲ್ಲಿ ಪಾವತಿಸಿ, ನಂತರ ಎಚ್‌ಎಸ್‌ಎ ಖಾತೆಯಿಂದ ಆ ವೆಚ್ಚವನ್ನು ಡಾಲರ್‌ನಲ್ಲಿ ಪಡೆದಿದ್ದೇನೆ. ಖಾತೆಯಿಂದ ಹಣ ತೆಗೆದದ್ದನ್ನು ತೋರಿಸುವ 1099-ಎಸ್‌ಎ ಫಾರ್ಮ್ ಸಹ ಬಂದಿದೆ. ಅರ್ಹ ವೆಚ್ಚವೆಂದು ತೋರಿಸಲು ಪಾವತಿಸಿದ ದಿನದ ವಿನಿಮಯ ದರ ಹಿಡಿಯಬೇಕೆ, ವಾರ್ಷಿಕ ಸರಾಸರಿಯೆ? ಅನರ್ಹವೆಂದಾದರೆ ಆದಾಯ ತೆರಿಗೆಯ ಜೊತೆಗೆ ಆ ಮೊತ್ತದ ಶೇ 20ರಷ್ಟು ಹೆಚ್ಚುವರಿ ತೆರಿಗೆ ಬೀಳುವುದರಿಂದ ಕೇಳುತ್ತಿದ್ದೇನೆ. ರಸೀದಿಯಲ್ಲಿ ಚಿಕಿತ್ಸೆಯ ವಿವರ ಕನ್ನಡದಲ್ಲಿದೆ. ಇಂಗ್ಲಿಷ್ ಅನುವಾದವನ್ನೂ ಜೊತೆಗಿಟ್ಟುಕೊಂಡವರಿದ್ದರೆ ತಿಳಿಸಿ.