ಬ್ಯಾಗ್ ಚೆಕ್ ಮಾಡಿದರೆ ಮಕ್ಕಳು ದಾರಿಗೆ ಬರ್ತಾರಾ?

ಹಳೇಬೆಂಚು: 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳ ಬ್ಯಾಗ್ ತಪಾಸಣೆ ನಡೆದಿದ್ದು ನೆನಪಿದೆಯಾ? ಮೊಬೈಲ್ ಹುಡುಕಲು ಹೋದವರಿಗೆ ಸಿಗರೇಟು, ಲೈಟರ್, ವೈಟ್ನರ್, ಕಾಂಡೋಮ್ ಎಲ್ಲ ಸಿಕ್ಕವು. ಈಗ ಮೇಷ್ಟ್ರು ಹೊಡೆಯುವ ಹಾಗಿಲ್ಲ, ಬೈಯುವ ಹಾಗಿಲ್ಲ. ಭಯ ಎಲ್ಲಿಂದ ಬರಬೇಕು?

ಚಾಕ್‌ಪೀಸ್ ಮೇಡಂ: ಕಾಂಡೋಮನ್ನೂ ವೈಟ್ನರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ನಶೆಗಾಗಿ ವೈಟ್ನರ್ ಮೂಸುವುದು ಜೀವಕ್ಕೇ ಅಪಾಯ. ಇನ್ನು ಬೆತ್ತದ ಮಾತು. ಬೆತ್ತ ಇದ್ದ ಕಾಲದಲ್ಲೂ ಹುಡುಗರು ಕಾಂಪೌಂಡ್ ಹಾರುತ್ತಿದ್ದರು. ಜಾಸ್ತಿ ಏಟು ತಿಂದವನು ಮರುದಿನ ಬರುತ್ತಲೇ ಇರಲಿಲ್ಲ.

ಹಳೇಬೆಂಚು: ನಾವೂ ಏಟು ತಿಂದೇ ಬೆಳೆದವರು ಮೇಡಂ. ಏನಾಯ್ತು?

ತುಂಗಾತೀರ: ನಿಮ್ಮ ಜೊತೆ ಏಟು ತಿಂದು ಶಾಲೆ ಬಿಟ್ಟವರು ಇಲ್ಲಿ ಕಾಮೆಂಟ್ ಹಾಕೋಕೆ ಬಂದಿಲ್ಲ, ಅಷ್ಟೇ.

ಚಾಕ್‌ಪೀಸ್ ಮೇಡಂ: ಅಸಲಿ ತೊಂದರೆ ಒಂಬತ್ತನೇ ಕ್ಲಾಸಿನದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಒಂಬತ್ತಕ್ಕೆ ಬಂದರೆ ಆ ರಕ್ಷಣೆ ಮುಗಿಯಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಗೇಟಿಗೆ ‘ಶೇ. 100 ಫಲಿತಾಂಶ’ ಅಂತ ಬ್ಯಾನರ್ ಕಟ್ಟಬೇಕಲ್ಲ! ಓದಿನಲ್ಲಿ ಹಿಂದಿರುವ ಹುಡುಗನ ಅಪ್ಪನನ್ನು ಕರೆಸಿ “ಟಿಸಿ ತಗೊಂಡು ಬೇರೆ ಕಡೆ ಸೇರಿಸಿ” ಎನ್ನುತ್ತಾರೆ. ನಾನು ಪಾಠ ಮಾಡಿದ ಒಂದು ಶಾಲೆಯಲ್ಲೇ ಇದನ್ನು ನೋಡಿದ್ದೇನೆ. ಆ ಹುಡುಗನನ್ನು ಬೇರೆ ಶಾಲೆಯವರೂ ಸೇರಿಸಿಕೊಳ್ಳಲಿಲ್ಲ. ಬೆಳಗಾದರೆ ನಮ್ಮ ಗೇಟಿನ ಎದುರಿನ ಬೇಕರಿಯಲ್ಲೇ ನಿಂತಿರುತ್ತಿದ್ದ. ಗೆಳೆಯರೆಲ್ಲ ಒಳಗಿದ್ದರಲ್ಲ. ಹೊರಗೆ ಅವನ ಜೊತೆ ಮಾತಾಡುತ್ತಿದ್ದವರು ಇಪ್ಪತ್ತು ದಾಟಿದ, ಬೈಕ್ ಇದ್ದ ಹುಡುಗರು ಮಾತ್ರ.

ಆಟೋ ಅಣ್ಣ: ಶಾಲೆಯ 100 ಗಜದೊಳಗೆ ಬೀಡಿ, ಸಿಗರೇಟು ಮಾರಬಾರದು ಅಂತ 2003ರ ಕಾನೂನೇ ಇದೆ. ನಾನು ಮಕ್ಕಳನ್ನು ಬಿಡೋ ಶಾಲೆ ಕಾಂಪೌಂಡಿನ ಮೇಲೆ ಆ ಬೋರ್ಡೂ ಇದೆ. ಬೋರ್ಡಿನ ಕೆಳಗೇ ಗೂಡಂಗಡಿ! ಬ್ಯಾಗ್ ಚೆಕ್ ಮಾಡೋರು ಒಂದ್ಸಲ ಟೇಪ್ ಹಿಡ್ಕೊಂಡು ಗೇಟಿಂದ ಅಳೆಯಲಿ.

ಹಳೇಬೆಂಚು: ಸರಿ. ಆದರೆ ಒಬ್ಬನಿಂದ ಇಡೀ ಕ್ಲಾಸು ಕೆಟ್ಟರೆ? ನನ್ನ ಮಗಳೂ ಅಲ್ಲೇ ಕೂರ್ತಾಳೆ.

ಚಾಕ್‌ಪೀಸ್ ಮೇಡಂ: ನಿಮ್ಮ ಭಯ ಸುಳ್ಳಲ್ಲ. ತೊಂದರೆ ಕೊಡುವವನನ್ನು ಸುಮ್ನೆ ಬಿಡಿ ಅಂತ ನಾನೂ ಹೇಳಿಲ್ಲ. ಆದರೆ ಆ ಹುಡುಗ ಯಾರ ತಂಟೆಗೂ ಹೋದವನಲ್ಲ. ಟಿಸಿ ಕೊಟ್ಟಿದ್ದು ಗಣಿತದಲ್ಲಿ 12 ಬಂತು ಅಂತ.

ಹಳೇಬೆಂಚು: ಅದು ತಪ್ಪು, ಒಪ್ಪಿದೆ. ಬ್ಯಾಗ್ ಚೆಕ್ ಮಾತ್ರ ಬೇಕೇ ಬೇಕು.