ಮೊಬೈಲ್ ತೋರಿಸದಿದ್ದರೆ ಮಗಳು ಊಟ ಮಾಡಲ್ಲ: ಓದುಗರ ಸ್ಪಂದನ

ಸಮಸ್ಯೆ: ಮಗಳಿಗೆ ಎರಡೂವರೆ ವರ್ಷ. ಮೊಬೈಲ್ ತೋರಿಸದಿದ್ದರೆ ಒಂದು ತುತ್ತೂ ತಗೊಳ್ಳುವುದಿಲ್ಲ. ಕಿತ್ತುಕೊಂಡರೆ ನೆಲದ ಮೇಲೆ ಉರುಳಾಡಿ ಅಳುತ್ತಾಳೆ. ಮಗು ಸೊರಗಿದೆ ಅಂತ ಅತ್ತೆಗೆ ಚಿಂತೆ. ಏನು ಮಾಡಲಿ?

*

ನಿಮ್ಮ ಪತ್ರ ಓದಿ ಕಣ್ಣು ತುಂಬಿ ಬಂತು. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಗೋಳು. ಮಗ ಕಾರ್ಟೂನ್ ನೋಡುತ್ತಾ ಬಾಯಿ ತೆರೆಯುತ್ತಿದ್ದ, ನಾನು ತುರುಕುತ್ತಿದ್ದೆ. ಅನ್ನ ಕೆನ್ನೆಯಲ್ಲೇ ಉಳಿದಿರುತ್ತಿತ್ತು. ಒಂದು ರಾತ್ರಿ ಕರೆಂಟ್ ಇರಲಿಲ್ಲ, ಮೊಬೈಲ್ ಚಾರ್ಜೂ ಮುಗಿದಿತ್ತು. ಅವನು ತಟ್ಟೆ ಕಡೆ ಬಗ್ಗಿ, "ಅಮ್ಮ, ಇದೇನು?" ಅಂದ. ವಾರಕ್ಕೆ ಮೂರು ಸಲ ತಿನ್ನಿಸುತ್ತಿದ್ದ ಬೀನ್ಸ್ ಪಲ್ಯ ಅದು. ಅವನು ಅದನ್ನು ನೋಡಿಯೇ ಇರಲಿಲ್ಲ! ಅವತ್ತೇ ನಿಲ್ಲಿಸಬೇಕು ಅನ್ನಿಸಿತು.

ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ಹಾಲಿನ ಬಗ್ಗೆ. ಊಟ ಮಾಡಲಿಲ್ಲ ಅಂತ ನಾನು ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಸುತ್ತಿದ್ದೆ. ಹನ್ನೊಂದು ಗಂಟೆಗೆ ಬಿಸ್ಕತ್ತು ಬೇರೆ. ಹಸಿವು ಎಲ್ಲಿಂದ ಬರಬೇಕು? ಈ ವಯಸ್ಸಿಗೆ ದಿನಕ್ಕೆ 400–500 ಮಿ.ಲೀ. ಹಾಲು ಸಾಕು, ಜಾಸ್ತಿಯಾದರೆ ಮೈಯಲ್ಲಿ ಕಬ್ಬಿಣದ ಅಂಶವೂ ಕಮ್ಮಿಯಾಗುತ್ತದೆ ಅಂದರು. ನೀವೂ ಮೊದಲು ಹಾಲಿನ ಲೆಕ್ಕ ನೋಡಿ.

ಮೊಬೈಲನ್ನು ಒಂದೇ ಸಲಕ್ಕೆ ನಿಲ್ಲಿಸಿದೆವು. ದಿನಕ್ಕೊಂದಿಷ್ಟು ಕಮ್ಮಿ ಮಾಡೋದು ನಮಗೆ ಆಗಲಿಲ್ಲ. ಊಟದ ಹೊತ್ತಿಗೆ ಮನೆಯವರೆಲ್ಲರ ಮೊಬೈಲೂ ಬೀರುವಿನೊಳಗೆ. ಮೊದಲ ದಿನ ಕಿರುಚಿ ಕಿರುಚಿ ಸುಸ್ತಾಗಿ ಮೊಸರನ್ನ ನಾಲ್ಕು ತುತ್ತು ತಿಂದ. ಬಲವಂತ ಮಾಡಲಿಲ್ಲ. ಅರ್ಧ ಗಂಟೆಗೆ ತಟ್ಟೆ ಎತ್ತಿಟ್ಟೆ. ಬೈಯಲಿಲ್ಲ, ಬದಲಿಗೆ ಬಿಸ್ಕತ್ತೂ ಕೊಡಲಿಲ್ಲ. ಎರಡನೇ ದಿನ ಇನ್ನೂ ಕಷ್ಟ, ನಾನೂ ಅತ್ತುಬಿಟ್ಟೆ. ಐದನೇ ದಿನ ಬೆಳಿಗ್ಗೆ ಅವನ ಮುಂದೆ ಬರೀ ಅಂಗೈಯಗಲದ ದೋಸೆ ಇಟ್ಟು ನಾನು ನನ್ನ ದೋಸೆ ತಿನ್ನುತ್ತಾ ಕೂತೆ. ಅವನು ಬೆರಳನ್ನು ಚಟ್ನಿಗೆ ಅದ್ದಿ ನೆಕ್ಕಿದ. ಮತ್ತೆ ಅದ್ದಿದ. ಆಮೇಲೆ ದೋಸೆ ಹರಿದು ಬಾಯಿಗಿಟ್ಟುಕೊಂಡ. ಅಂಗಿ, ನೆಲ, ಕೂದಲು ಎಲ್ಲಾ ಚಟ್ನಿ. ನನಗೆ ಅದೇ ಹಬ್ಬ.

ಇನ್ನೊಂದು ಮಾತು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ ಬರೀ ಮೂರು ಹೊತ್ತಿನ ಊಟಕ್ಕೇ ಎರಡು ಗಂಟೆ ದಾಟುತ್ತಿತ್ತು.

– ಒಬ್ಬ ತಾಯಿ, ದಾವಣಗೆರೆ

*

ನಾನು ಅಂಗನವಾಡಿ ಕಾರ್ಯಕರ್ತೆ. ಮಗು ಸೊರಗಿದೆಯೋ ಇಲ್ಲವೋ ಅನ್ನೋದನ್ನು ತಕ್ಕಡಿ ಹೇಳಲಿ. ಹುಟ್ಟಿದಾಗ 3 ಕೆ.ಜಿ. ಇದ್ದ ಮಗು ವರ್ಷ ತುಂಬುವಾಗ ಸುಮಾರು 9 ಕೆ.ಜಿ. ಆಗುತ್ತದೆ. ಆಮೇಲೆ ವರ್ಷಕ್ಕೆ ಏರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ಹಾಗಾಗಿ ಹಸಿವೂ ಮೊದಲಿನಷ್ಟು ಇರುವುದಿಲ್ಲ. ತಾಯಿ ಕಾರ್ಡ್‌ನಲ್ಲಿ ಬೆಳವಣಿಗೆಯ ಚಾರ್ಟ್ ಇದೆ, ತೂಕ ಹಾಕಿಸಿ ಗುರುತು ಮಾಡಿಸಿ. ಹಸಿರು ಪಟ್ಟಿಯಲ್ಲಿ ಗೆರೆ ಮೇಲಕ್ಕೆ ಹೋಗುತ್ತಿದ್ದು, ಮಗು ಓಡಾಡಿ ಆಡುತ್ತಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ತೂಕ ಇಳಿದರೆ, ಮಂಕಾಗಿದ್ದರೆ, ನುಂಗಲು ಕಷ್ಟಪಟ್ಟರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

– ಅಂಗನವಾಡಿ ಕಾರ್ಯಕರ್ತೆ, ಮಂಡ್ಯ ಜಿಲ್ಲೆ

*

ಮಗಳೇ, ನಿನ್ನ ಅತ್ತೆಗೂ ಇದನ್ನು ಓದಿ ಹೇಳು. ನಾನೂ ಒಬ್ಬಳು ಅಜ್ಜಿ. ಮೊಮ್ಮಗು ತಿನ್ನಲಿಲ್ಲ ಅಂದರೆ ನಮ್ಮ ಹೊಟ್ಟೆ ಚುರುಗುಟ್ಟುತ್ತೆ, ಅದಕ್ಕೇ "ಇನ್ನೊಂದು ತುತ್ತು, ಇದು ಕಾಕಮ್ಮಂದು" ಅಂತ ಬೆನ್ನಟ್ಟುತ್ತೇವೆ. ನಾನೂ ಬೆನ್ನಟ್ಟಿದವಳೇ. ಈಗ ಬಿಟ್ಟಿದ್ದೇನೆ. ಮೊಮ್ಮಗಳು ಸಾಕು ಅಂದರೆ ಸಾಕು. ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಬಟಾಣಿ ಬಿಡಿಸುತ್ತಾಳೆ, ಅಕ್ಕಿರೊಟ್ಟಿ ಹಿಟ್ಟನ್ನು ಪುಟ್ಟ ಕೈಯಲ್ಲಿ ತಟ್ಟುತ್ತಾಳೆ. ತಾನೇ ತಟ್ಟಿದ ರೊಟ್ಟಿ ಮಾತ್ರ ಪೂರ್ತಿ ಖಾಲಿ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಮಾತ್ರ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಕಡಲೆಬೀಜ ಪುಡಿ ಮಾಡಿ, ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡಿ.

ಇವತ್ತು ರಾತ್ರಿ ಅತ್ತೆಯ ಪಕ್ಕದಲ್ಲೇ ಮಗಳಿಗೂ ಒಂದು ಪುಟ್ಟ ತಟ್ಟೆ ಇಡು. ಎಲ್ಲರ ಜೊತೆ ಕೂರಲಿ.

– ಒಬ್ಬ ಅಜ್ಜಿ, ತೀರ್ಥಹಳ್ಳಿ